ಬಂದ್ ಆಗದ ಮೈಕಿನ ಮುಂದೆ ಅಪ್ಪ

ಹೋದ ತಿಂಗಳು ಅಪ್ಪ ರಿಟೈರ್ ಆದ. ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಅವನ ದನಿಯನ್ನೇ ಹೊಗಳಿದರು. ಒಬ್ಬರು ಗುಡುಗು ಅಂದರು. ಇನ್ನೊಬ್ಬರು ನಗಾರಿ ಅಂದರು. ಮೂರನೆಯವರಿಗೆ ಬೇರೆ ಹೋಲಿಕೆ ಸಿಗಲಿಲ್ಲವೋ ಏನೋ, ಮೊದಲಿನ ಇಬ್ಬರು ಹೇಳಿದ್ದು ಬರೋಬ್ಬರಿ ಅದ ಅಂದು ಕೂತರು. ಶಾಲಿನ ಜೊತೆ ಕೊಟ್ಟ ಫಲಕದ ಮೇಲೆ 'ಮಾತಿನ ಮನುಷ್ಯ' ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದರು. ಅಪ್ಪ ಎದ್ದು, ಕೈ ಮುಗಿದು, "ಎಲ್ಲರಿಗೂ ನಮಸ್ಕಾರ" ಅಂದ. ಅಧ್ಯಕ್ಷರು ಇನ್ನೂ ಏನಾದರೂ ಬಂದೀತು ಎಂದು ಮುಖ ಮುಂದೆ ಚಾಚಿ ಕಾದರು. ಬರಲಿಲ್ಲ. ಅಪ್ಪ ಆಗಲೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದ.

ಆ ಫಲಕದ ಬಗ್ಗೆ ನನ್ನ ತಕರಾರಿದೆ. ಅದನ್ನು ಬರೆಸಿದವರು ಅಪ್ಪನನ್ನು ಬಲ್ಲದ್ದು ಲೌಡ್‌ಸ್ಪೀಕರಿನ ಆಚೆಯಿಂದ. ನಾನು ಈಚೆಯಿಂದ ಬಲ್ಲವಳು. ಗಡಿಗೆಯನ್ನು ಹೊರಗಿನಿಂದ ನೋಡಿದವರು ಅದು ತುಂಬಿದೆ ಎಂದು ಹೇಗೆ ಹೇಳುತ್ತಾರೆ? ಅಪ್ಪ ಮನೆಯಲ್ಲಿ ಆಡಿದ ಮಾತನ್ನೆಲ್ಲ ಗಂಟು ಕಟ್ಟಿದರೆ ಒಂದು ಕರ್ಚೀಫೂ ತುಂಬುವುದಿಲ್ಲ. ಅದರಲ್ಲಿ ಮುಕ್ಕಾಲು ಭಾಗ 'ಹೂಂ'. ಊಟ ಬೇಕು ಅನ್ನುವುದಕ್ಕೂ ಹೂಂ, ಸಾಕು ಅನ್ನುವುದಕ್ಕೂ ಹೂಂ. ಅವ್ವನಿಗೆ ಮಾತ್ರ ಎರಡರ ಫರಕು ತಿಳಿಯುತ್ತಿತ್ತು. ಅಪ್ಪನ ಅವ್ವ, ನಮ್ಮ ಆಯಿ, ಇದನ್ನು ತನ್ನದೇ ರೀತಿಯಲ್ಲಿ ವಿವರಿಸುತ್ತಿದ್ದಳು: "ಮಾತೆಲ್ಲ ಸರ್ಕಾರಕ್ಕ ಕೊಟ್ಟು ಬರ್ತಾನ. ಮನಿಗಿ ಬರೇ ಬಾಯಿ ತರ್ತಾನ."

ಅಪ್ಪ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದ. ಅದಕ್ಕೆ ಮೊದಲು ಕಂಡಕ್ಟರ್. ನಿಂತು ನಿಂತು ಮೊಣಕಾಲು ಸವೆದ ಮೇಲೆ ಅವನನ್ನು ಬಸ್ಸಿನಿಂದ ಇಳಿಸಿ, ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಮುಂದೊಂದು ಮೈಕು ಇಟ್ಟರು. ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಹೇಳುವುದು ಕೆಲಸ. ಊರಿನ ಹೆಸರು ಹೇಳುವುದಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಂತ ಇಟ್ಟುಕೊಳ್ಳಿ. ಮುಂದೆ ಒಂದು ಸ್ವಿಚ್ಚಿನ ಸಂಗತಿ ಬರುತ್ತದೆ, ಅದು ಸರ್ಕಾರಿ ಸ್ವಿಚ್ಚು, ಯಾರಿಗೂ ಕಿರಿಕಿರಿ ಆಗುವುದು ಬೇಡ.

ಮೈಕಿನ ಮುಂದೆ ಅಪ್ಪ ಆಡುತ್ತಿದ್ದದ್ದು ನಮ್ಮ ಕಡೆಯ ಭಾಷೆಯೇ ಅಲ್ಲ. "ಪ್ರಯಾಣಿಕರ ಗಮನಕ್ಕೆ. ರಂಗಂಪೇಟೆ ಮಾರ್ಗವಾಗಿ ಸುರಪುರಕ್ಕೆ ತೆರಳುವ ವಾಹನವು ನಿಲ್ದಾಣದ ಎಡಬದಿಯಲ್ಲಿ ನಿಂತಿರುತ್ತದೆ." ನಿಲ್ದಾಣಕ್ಕೆ ಎಡಬದಿ, ಬಲಬದಿ ಅಂತ ಏನೂ ಇರಲಿಲ್ಲ. ಒಂದು ಬೇವಿನ ಮರ ಇತ್ತು, ಬಸ್ಸು ಅದರ ಈ ಕಡೆ ನಿಲ್ಲುತ್ತಿತ್ತು, ಇಲ್ಲವೇ ಆ ಕಡೆ. ಬಸ್ಸು ಎಲ್ಲರ ಕಣ್ಣ ಮುಂದೆಯೇ ಇರುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಸುರಪುರ ಸುರಪುರ ಎಂದು ಒದರುತ್ತಿದ್ದ. ಹಾಗಿದ್ದ ಮೇಲೆ ಮೈಕು ಯಾಕೆ ಬೇಕಿತ್ತು ಎಂದು ನಾನು ಅನೇಕ ಸಲ ಕೇಳಿದ್ದೇನೆ. ಆದರೆ ನಮ್ಮ ಊರಿನ ಮುದುಕಿಯರು, ಬಸ್ಸು ಮುಂದೆ ನಿಂತರೂ ಹತ್ತುತ್ತಿರಲಿಲ್ಲ. "ಇನ್ನಾ ಮೈಕನ್ಯಾಗ ಹೇಳಿಲ್ಲಲ್ಲವ್ವ" ಎನ್ನುತ್ತ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದರು. ಅಪ್ಪ ಹೇಳಿದ ಮೇಲೆ ಅದು ಬಸ್ಸು. ಅಲ್ಲಿಯವರೆಗೆ ಬರೀ ತಗಡು.

ಇನ್ನು ಸ್ವಿಚ್ಚು. ಮೈಕನ್ನು ಒಮ್ಮೆ ಚಾಲೂ ಮಾಡಿದ್ದರು, ಆಮೇಲೆ ಅದು ಬಂದ್ ಆಗಲೇ ಇಲ್ಲ. ಸ್ವಿಚ್ಚು ಒಳಗೆ ಹೋಗಿ ಕೂತುಬಿಟ್ಟಿತ್ತು. ಹಾಗಾದರೆ ಪ್ಲಗ್ ಕೀಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ, ನಾನೂ ಕೇಳಿದ್ದೆ. ಪ್ಲಗ್ ಇರಲಿಲ್ಲ. ಎರಡು ವೈರಿನ ತುದಿಯನ್ನು ಬೆಂಕಿಕಡ್ಡಿ ಚುಚ್ಚಿ ಗೋಡೆಯ ತೂತಿನಲ್ಲಿ ಕೂರಿಸಿದ್ದರು, ಕಿತ್ತರೆ ತಿರುಗಿ ಕೂರಿಸುವ ಧೈರ್ಯ ಯಾರಿಗೂ ಇರಲಿಲ್ಲ. ರಿಪೇರಿಯವನು ಬಂದು ನೋಡಿ, "ಇಡೀ ಸೆಟ್ ಹೊಸಾದು ಬರಬೇಕ್ರಿ" ಎಂದು ಚಹಾ ಕುಡಿದು ಹೋದ. ಹಾಗಾಗಿ ಮುಂಜಾನೆ ಮೊದಲ ಬಸ್ಸಿನಿಂದ ಸಂಜೆಯ ತನಕ ಆ ಕೋಣೆಯೊಳಗೆ ಯಾರು ಏನೇ ಅಂದರೂ ಅದು ಬೇವಿನ ಮರದ ಕೊಂಬೆಗೆ ಕಟ್ಟಿದ ಹಾರ್ನಿನಲ್ಲಿ ಹೊರಗೆ ಬರುತ್ತಿತ್ತು.

ಅಪ್ಪನಿಗೆ ಇದು ಗೊತ್ತಾದದ್ದು ಮೊದಲ ದಿನವೇ. ಎದುರಿನ ಹೋಟೆಲಿನ ಕಾಕಾಗೆ ಕಿಟಕಿಯಿಂದ ಮೆಲ್ಲಗೆ ಹೇಳಿದ: "ಕಾಕಾ, ಒಂದು ಪ್ಲೇಟ್ ಮಿರ್ಚಿ ಭಜಿ ಕಳಸು. ಮನ್ಯಾಗ ಗೊತ್ತಾಗಬಾರ್ದು." ಡಾಕ್ಟರು ಎಣ್ಣೆ ಪದಾರ್ಥ ಬಂದ್ ಮಾಡಿದ್ದರು. ಸಂಜೆ ಅಪ್ಪನ ತಾಟಿನಲ್ಲಿ ಗಂಜಿ ಬಿತ್ತು. ಅಪ್ಪ ಮುಖ ಎತ್ತಿ ಅವ್ವನನ್ನು ನೋಡಿದ.

"ಮಿರ್ಚಿ ಕರಗಬೇಕಲ್ಲ," ಅಂದಳು ಅವ್ವ. "ಬಜಾರದಾಗಿಂದ ಬರೂಮುಂದ ನಾಕ್ ಮಂದಿ ಹೇಳಿದ್ರು. ಒಬ್ಬಾಕಿ ಚಟ್ನಿ ಕೇಳಿದ್ನೋ ಇಲ್ಲೋ ಅಂತನೂ ವಿಚಾರಿಸಿದ್ಲು."

"ಹೂಂ," ಅಂದ ಅಪ್ಪ.

ಅವತ್ತಿನಿಂದ ಆ ಕೋಣೆಯಲ್ಲಿ ಅಪ್ಪ ಬಸ್ಸಿನ ಹೊರತು ಮತ್ತೊಂದು ಮಾತು ಆಡಲಿಲ್ಲ.

ಅಂಥ ಕೋಣೆಗೆ ನನ್ನನ್ನು ಕಳಿಸಿದ್ದು ಆಯಿ. ಅವ್ವ ಅಂಗನವಾಡಿ ಟೀಚರು, ಅವಳು ಬರುವುದು ಸಂಜೆ. ನನ್ನ ಶಾಲೆ ಬಿಡುವುದು ಅದಕ್ಕೆ ಮೊದಲು. ನಡುವಿನ ಹೊತ್ತು ಆಯಿಯ ಪಾಲಿಗೆ ಬರುತ್ತಿತ್ತು, ಆಯಿ ಕೈ ಎತ್ತಿಬಿಟ್ಟಳು. "ಈಕೀನ ನಾ ಹಿಡಿಯಂಗಿಲ್ಲ. ದೀಪ ಹಚ್ಚಿದ್ರ, ದೇವರಿಗಿ ಕತ್ತಲಾಗ ಕಾಣಂಗಿಲ್ಲೇನು ಅಂತ ಕೇಳ್ತಾಳ. ಎಡಿ ಇಟ್ರ, ತಿಂದಿದ್ದು ತೋರ್ಸು ಅಂತಾಳ. ನಾ ಇನ್ನ ಏನು ತೋರಸ್ಲಿ?" ನಾನು ಕೇಳಿದ್ದರಲ್ಲಿ ತಪ್ಪೇನಿತ್ತು ಎಂದು ನನಗೆ ಇವತ್ತಿಗೂ ಯಾರೂ ಹೇಳಿಲ್ಲ. ಆದರೆ ನಾಲ್ಕನೇ ಕ್ಲಾಸಿನವಳ ಮಾತಿಗೆ ಮನೆಯಲ್ಲಿ ವೋಟು ಇರುವುದಿಲ್ಲ. ಮಾತು ಬಿಟ್ಟು ಬೇರೇನೂ ಬಾರದ ನನ್ನನ್ನು, ಜಿಲ್ಲೆಯಲ್ಲಿ ಮಾತಾಡಲೇಬಾರದ ಏಕೈಕ ಕೋಣೆಗೆ ಹಾಕಿದರು.

ಮೊದಲ ವಾರದಲ್ಲೇ ಡಿಪೋದ ಸಾಹೇಬರು ಬಂದರು. ದಪ್ಪ ಮೀಸೆ, ಕೈಯಲ್ಲೊಂದು ಫೈಲು. ಅವರಿಗೆ ಮೈಕಿನ ಸಂಗತಿ ಗೊತ್ತಿತ್ತು, ಅದಕ್ಕೇ ಅಪ್ಪನನ್ನು ಬೇವಿನ ಮರದ ಕೆಳಗೆ ಕರೆದರು. ನಾನು ಹಿಂದೆಯೇ ಹೋದೆ.

"ಈ ಕೂಸು ಯಾರದು?"

"ನಂದೇ ರೀ."

"ಕೂಡ್ಲಿ ಬಿಡು, ನಮ್ಮನ್ಯಾಗೂ ಕೂಸು ಅವ. ಆದ್ರ ಈಕೀ ದನಿ ಒಂದ್ಸಲ ಹಾರ್ನನ್ಯಾಗ ಬಂತಂದ್ರ ಮುಗೀತು. ಮರುದಿನದಿಂದ ಈಕಿ ಇಲ್ಲಿ ಕಾಲಿಡಂಗಿಲ್ಲ. ತಿಳೀತಾ?"

"ಹೂಂ ರೀ," ಅಂದ ಅಪ್ಪ. ನಾನು "ಹಾರ್ನ್ ರಿಪೇರಿ ಮಾಡ್ಸಿದ್ರ" ಎಂದು ಶುರು ಮಾಡಿದ್ದೆ, ಅಪ್ಪ ನನ್ನ ನೆತ್ತಿಯ ಮೇಲೆ ಕೈ ಇಟ್ಟ. ಅದು ಭಾರವಾದ ಕೈ. ಮಾತು ಒಳಗೇ ಉಳಿಯಿತು.

ಹೀಗೆ ನಮ್ಮ ಮಧ್ಯಾಹ್ನಗಳು ಶುರುವಾದವು. ಸೀನು ಬಂದರೆ ಅಪ್ಪ ಬಾಗಿಲು ತೆಗೆದು ಹೊರಗೆ ಓಡುತ್ತಿದ್ದ. ಸವೆದ ಮೊಣಕಾಲಿನವನು ಹಾಗೆ ಓಡುವುದನ್ನು ನೋಡಿ ಹೊಸಬರು ಏನೋ ಅನಾಹುತ ಆಯಿತೆಂದು ಎದ್ದು ನಿಲ್ಲುತ್ತಿದ್ದರು. ತಿನ್ನುವುದಕ್ಕೂ ನಿಯಮ ಇತ್ತು. ಚಕ್ಕುಲಿ ನಿಷಿದ್ಧ. ಒಮ್ಮೆ ತಿಂದಾಗ ಇಡೀ ಸ್ಟ್ಯಾಂಡಿಗೆ ಗೋಡೆ ಒಡೆದಂತೆ ಕೇಳಿಸಿತ್ತು. ಶೇಂಗಾ ಸುಲಿದರೆ ಹೊರಗಿನಿಂದ ಯಾರಾದರೂ ಕೂಗುತ್ತಿದ್ದರು, "ಹುರದದ್ದೇನ್ರಿ ಕಂಟ್ರೋಲರ್ ಸಾಹೇಬ್ರ, ಹಸೇದೇನ್ರಿ?" ಹಾಗಾಗಿ ಸುಸಲಾ. ಮಂಡಕ್ಕಿಯನ್ನು ನೆನೆಸಿ ಹಿಂಡಿ ಒಗ್ಗರಣೆ ಹಾಕಿದ್ದು ಹಲ್ಲಿಗೆ ಸಿಕ್ಕರೂ ಗಪ್‌ಚುಪ್. ನಾವಿಬ್ಬರೂ ಎದುರು ಬದುರು ಕೂತು ದನ ಮೆಲುಕು ಹಾಕಿದಂತೆ ಸುಸಲಾ ತಿನ್ನುತ್ತಿದ್ದೆವು.

ಮಾತಿಗೆ ಬದಲು ಕೈ. ಎರಡು ಬೆರಳು ಎತ್ತಿದರೆ ಎರಡು ಚಹಾ, ಕಾಕಾ ಹೋಟೆಲಿನಿಂದಲೇ ನೋಡಿ ಕಳಿಸುತ್ತಿದ್ದ. ಹಣೆ ಹಿಚುಕಿಕೊಂಡರೆ ಬಸ್ಸು ಲೇಟು. ಹಣೆ ಹಿಚುಕಿ ಕಣ್ಣು ಮುಚ್ಚಿದರೆ ಕೆಂಭಾವಿ ಬಸ್ಸು, ಅದು ಬರುತ್ತದೋ ಇಲ್ಲವೋ ದೇವರೇ ಬಲ್ಲ. ನಾನು ಹೆಚ್ಚು ಕೈ ಆಡಿಸತೊಡಗಿದರೆ ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರು ತೋರಿಸುತ್ತಿದ್ದ. ಅದರಲ್ಲಿ ಬುದ್ಧ ಕಣ್ಣು ಮುಚ್ಚಿ ಕೂತಿದ್ದ. ಬುದ್ಧನಿಗೇನು, ಅವನಿಗೆ ಎದುರು ವಾದ ಮಾಡುವವರು ಇರಲಿಲ್ಲ ಎಂದು ನಾನು ಕೈಯಲ್ಲಿ ಹೇಳಲು ನೋಡುತ್ತಿದ್ದೆ. ಅಷ್ಟು ದೊಡ್ಡ ವಾಕ್ಯಕ್ಕೆ ನಮ್ಮ ಭಾಷೆ ಇನ್ನೂ ಬೆಳೆದಿರಲಿಲ್ಲ.

ಬುದ್ಧ ಅಂದಾಗ ಇನ್ನೊಂದು ಸಂಗತಿ. ಒಂದು ರವಿವಾರ ಶಹಾಪುರಕ್ಕೆ ಹೋದಾಗ ಅಪ್ಪ ನನ್ನನ್ನು ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂರಿಸಿ ಎದುರಿನ ಗುಡ್ಡ ತೋರಿಸಿದ. ಮಲಗಿದ ಬುದ್ಧ ಅಂತ ಎಲ್ಲರೂ ಹೇಳುವ ಗುಡ್ಡ. ಅಲ್ಲಿ ಮೈಕು ಇರಲಿಲ್ಲ, ನಾನು ಬಿಡುವುದುಂಟೇ?

"ಅಪ್ಪ, ಅದು ಕಲ್ಲು."

"ಹೂಂ."

"ಮಲಗ್ಯಾನಂತ ಹೆಂಗ ಹೇಳ್ತಿ? ಎದ್ದು ಕುಂತದ್ದು ಯಾರರೆ ನೋಡ್ಯಾರೇನು?"

ಅಪ್ಪ ಬೀಡಾದ ಪೊಟ್ಟಣ ಬಿಚ್ಚಿದ. "ನೀ ಸುಮ್ಮ ಕುಂತ್ರ ಏಳ್ತಾನ," ಅಂದ.

ನಾನು ಬಸ್ಸು ಬರುವ ತನಕ ಉಸಿರು ಬಿಗಿಹಿಡಿದು ಗುಡ್ಡ ನೋಡುತ್ತ ಕೂತೆ. ಅಪ್ಪ ಹಾಯಾಗಿ ಬೀಡಾ ಹಾಕಿಕೊಂಡ. ಬುದ್ಧ ಏಳಲಿಲ್ಲ. ನಾನು ಮೋಸ ಹೋದದ್ದು ಗೊತ್ತಾದದ್ದು ಗೋಗಿ ಕಡೆಯ ಟಂಟಂ ಆಟೋ ಒಂದು ನಮ್ಮ ಮುಂದೆ ಹಾದು ಧೂಳು ಎಬ್ಬಿಸಿ, ಅಷ್ಟು ಸಪ್ಪಳಕ್ಕೂ ಬುದ್ಧ ಅಲುಗದಿದ್ದಾಗ.

ಆದರೆ ಕೋಣೆಗೆ ಹೋಗುವುದನ್ನು ನಾನು ತಪ್ಪಿಸುತ್ತಿರಲಿಲ್ಲ. ಜ್ವರ ಬಂದರೆ ಶಾಲೆ ಬಿಡುತ್ತಿದ್ದೆ, ಬಸ್ ಸ್ಟ್ಯಾಂಡ್ ಬಿಡುತ್ತಿರಲಿಲ್ಲ. ಕಾರಣ ಸರಳ. ಮನೆಯಲ್ಲಿ ಅಪ್ಪ ಹೂಂ ಅನ್ನುವಾಗ ತಾಟನ್ನು ನೋಡುತ್ತಿದ್ದ, ಚಪ್ಪಲಿಯನ್ನು ನೋಡುತ್ತಿದ್ದ, ಆಕಾಶವಾಣಿ ಬರುವ ರೇಡಿಯೋ ನೋಡುತ್ತಿದ್ದ. ಹೂಂ ಅನ್ನಲು ಎದುರಿನವರ ಮುಖ ಬೇಕಾಗಿಲ್ಲ. ಕೋಣೆಯಲ್ಲಿ ಹಾಗಲ್ಲ. ನಾನು ಏನು ಹೇಳುತ್ತಿದ್ದೇನೆ ಎಂದು ತಿಳಿಯಬೇಕಾದರೆ ಅವನು ನನ್ನನ್ನು ನೋಡಲೇಬೇಕಾಗಿತ್ತು. ಹುಬ್ಬು ನೋಡಬೇಕು, ಬೆರಳು ನೋಡಬೇಕು. ಊರಿಗೆಲ್ಲ ಕೇಳಿಸುವ ಮನುಷ್ಯ ಆ ಹೊತ್ತಿಗೆ ನನ್ನೊಬ್ಬಳನ್ನೇ ನೋಡುತ್ತಿದ್ದ. ಸಾಹೇಬರ ಮಾತು ನೆನಪಾದರೆ ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದದ್ದು ಅದಕ್ಕೇ. ಒಂದು ಮಾತು ಹೊರಗೆ ಬಿದ್ದರೆ ಇದೆಲ್ಲ ಹೋಗುತ್ತದೆ.

ಆಡಲು ಹುಲಿ ಆಟ ಇತ್ತು. ಅಪ್ಪ ಮೇಜಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದಿದ್ದ. ಹಳೆಯ ತಿಕೀಟು ಸುರುಳಿ ಸುತ್ತಿದ್ದು ಹುಲಿ, ಹುಣಸೆ ಬೀಜ ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕಬೇಕು. ಸಪ್ಪಳವಿಲ್ಲದ ಆಟ. ಹುಲಿ ಯಾವಾಗಲೂ ಅಪ್ಪನದು.

ಮತ್ತು ಅಪ್ಪ ಮೋಸ ಮಾಡುತ್ತಿದ್ದ.

ಇದನ್ನು ಬೀಳ್ಕೊಡುಗೆಯಲ್ಲಿ ಯಾರೂ ಹೇಳಲಿಲ್ಲ. ಪ್ರಾಮಾಣಿಕ ಸೇವೆ ಎಂದು ಪುಟಗಟ್ಟಲೆ ಓದಿದರು. ಹುಲಿಯನ್ನು ಒಂದು ಮನೆ ನಡೆಸುವ ಬದಲು ಎರಡು ಮನೆ ನಡೆಸುತ್ತಿದ್ದ. ನಾನು ಕಣ್ಣು ಕೆಕ್ಕರಿಸಿದರೆ ತಾನೂ ಕೆಕ್ಕರಿಸುತ್ತಿದ್ದ. ಇಲ್ಲವೇ ಕಿಟಕಿಯ ಹೊರಗೆ ಬೆರಳು ತೋರಿಸುತ್ತಿದ್ದ. ಏನೋ ಬಂತು ಎಂದು ನಾನು ತಿರುಗಿ ನೋಡಿದರೆ ಹೊರಗೆ ಒಂದು ಎಮ್ಮೆ ಇರುತ್ತಿತ್ತು, ಒಳಗೆ ಒಂದು ಕುರಿ ಕಡಿಮೆ ಇರುತ್ತಿತ್ತು. ಒದರಿ ಜಗಳ ತೆಗೆಯಲು ಬರುವಂತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ನನ್ನಂಥವಳ ಬಾಯಿ ಕಟ್ಟಿಹಾಕಿ ಕುರಿ ಕದಿಯುವುದು ಎಂಥ ನ್ಯಾಯ? ಕದ್ದ ಮೇಲೆ ಅವನು ಭುಜ ಕುಣಿಸುತ್ತ ದನಿಯಿಲ್ಲದೆ ನಗುತ್ತಿದ್ದ. ಮನೆಯಲ್ಲಿ ನಾನು ಆ ನಗು ನೋಡಿದ್ದೇ ಇಲ್ಲ.

ನಮಗೆ ಮಾತಾಡಲು ಒಂದೇ ಒಂದು ಸಂದು ಇತ್ತು, ಕರೆಂಟ್ ಹೋದಾಗ. ಆಗ ಮೈಕು ಸಾಯುತ್ತಿತ್ತು. ಆದರೆ ಯಾವಾಗ ಬದುಕುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ಕೋಣೆಯ ಬಲ್ಬು ಸುಟ್ಟು ಹೋಗಿತ್ತು, ಫ್ಯಾನು ಇರಲೇ ಇಲ್ಲ. ಕಿವಿಗೊಟ್ಟು ಕೂತರೆ ಹಾರ್ನು ಗುಂಯ್ ಅನ್ನುವುದು ಕೇಳಿಸುತ್ತಿತ್ತು, ಅಷ್ಟೇ.

ಆ ದಿನ ಅಪ್ಪ ಎಮ್ಮೆ ತೋರಿಸಿದ, ನಾನು ಅರ್ಧ ಮಾತ್ರ ತಿರುಗಿದೆ. ಓರೆಗಣ್ಣಿನಲ್ಲಿ ನೋಡಿಬಿಟ್ಟೆ. ಮೂಲೆಯ ಕುರಿ ಅಂಗಿ ಕಿಸೆಗೆ ಹೋಯಿತು. ನೋಡಿದ ಗಳಿಗೆಗೇ ಕರೆಂಟ್ ಹೋಯಿತು. ಹೊರಗೆ ಹಾರ್ನಿನ ಗುಂಯ್ ನಿಂತಿತು. ಇಂಥ ಅವಕಾಶ ಮತ್ತೆ ಬರುತ್ತದೆಯೇ?

"ಅಪ್ಪ, ನನ್ನ ಕುರಿ ಎಲ್ಲಿ?"

"ಯಾವ ಕುರಿ?"

"ಮೂಲ್ಯಾಗಿನದು."

"ಮೇಯಾಕ ಹೋಗಿರಬೇಕು."

"ಮೇಯಾಕ ಹೋದ ಕುರಿ ನಿನ್ನ ಕಿಸೆದಾಗ ಯಾಕ ಅದ?"

ಅಪ್ಪ ಕಿಸೆ ಮುಟ್ಟಿ ನೋಡಿ, "ಇಲ್ಲಿ ನೆಳ್ಳು ಅದ," ಅಂದ.

ನಾನು ಎದ್ದು ಬೆಂಚಿನ ಮೇಲೆ ನಿಂತೆ. ಅಷ್ಟು ದಿನ ಒಳಗೆ ಕೂಡಿಟ್ಟದ್ದೆಲ್ಲ ಒಮ್ಮೆಗೇ ಬಂತು. ಹುಲಿ ಎಷ್ಟು ಮನೆ ನಡೆಯಬೇಕು, ಅದು ಎಷ್ಟು ನಡೆಯುತ್ತದೆ, ಎಮ್ಮೆಗೂ ಆಟಕ್ಕೂ ಏನು ಸಂಬಂಧ, ದೊಡ್ಡವರಾದ ಮಾತ್ರಕ್ಕೆ ನಿಯಮ ಬೇರೆಯೇ, ಎಲ್ಲವನ್ನೂ ಬೆರಳು ಮಡಿಸಿ ಮಡಿಸಿ ಹೇಳತೊಡಗಿದೆ. ಒಳ್ಳೆಯ ವಾದ. ಅದರ ನಡುವೆ ಹಾರ್ನು ಗುಂಯ್ ಅಂದಿರಬೇಕು. ನನಗೆ ಕೇಳಿಸಲಿಲ್ಲ. ಅಪ್ಪನಿಗೆ ಕೇಳಿಸಿತು, ಎರಡೂ ಕೈ ಎತ್ತಿ ಬೇಡ ಬೇಡ ಅಂದ. ನಾನು ಅದನ್ನು ಶರಣಾಗತಿ ಎಂದು ತಿಳಿದೆ.

"ಕೈ ಎತ್ತಿದ್ರ ಬಿಡಂಗಿಲ್ಲ. ಹುಲಿ ಆಟದಾಗ ದಿನಾ ಮೋಸ ಮಾಡ್ತಿ ನೀ. ನಾ ಒದರಂಗಿಲ್ಲಂತ ಗೊತ್ತದ ನಿನಗ, ಅದಕ್ಕ ಮಾಡ್ತಿ. ಮನ್ಯಾಗ ಹೂಂ ಅಂತಿ, ಇಲ್ಲಿ ಕುರಿ ಕದೀತಿ. ಕಿಸೆ ತೆಗಿ."

ಕಿಸೆ ತೆಗಿ, ಕಿಸೆ ತೆಗಿ, ಎಂದು ಬೇವಿನ ಮರ ತಿರುಗಿ ಹೇಳಿತು.

ಇಲ್ಲಿ ನಾನು ಒಂದು ಮಾತು ಸ್ಪಷ್ಟ ಮಾಡಬೇಕು. ಶುರು ಮಾಡಿದಾಗ ಕರೆಂಟ್ ಇರಲಿಲ್ಲ. ನಿಯಮ ಮುರಿಯುವ ಉದ್ದೇಶ ನನಗೆ ಇರಲಿಲ್ಲ. ಅರ್ಧ ವಾಕ್ಯ ನನ್ನದು, ಉಳಿದರ್ಧ ಕರೆಂಟಿನದು. ಇದನ್ನು ನಾನು ಇವತ್ತು ಯಾವ ವೇದಿಕೆಯ ಮೇಲೆ ಬೇಕಾದರೂ ಸಾಧಿಸಬಲ್ಲೆ. ಆದರೆ ಅವತ್ತು ಕೇಳುವವರು ಯಾರು? ಆಗಷ್ಟೇ ಕೆಂಭಾವಿ ಬಸ್ಸು, ಯಾವತ್ತೂ ಸರಿಯಾದ ಹೊತ್ತಿಗೆ ಬಾರದ ಬಸ್ಸು, ಬಂದು ನಿಂತಿತ್ತು. ಅದರಿಂದ ಮೊದಲು ಇಳಿದವರು ಡಿಪೋದ ಸಾಹೇಬರು.

ಸಾಹೇಬರಿಗಿಂತ ಮೊದಲು ಜನ ಬಂದರು. ಕಿಟಕಿಯ ಸರಳಿಗೆ ಮುಖಗಳು ಅಂಟಿಕೊಂಡವು. "ಎಲ್ಲಿ, ಆಟದ ಮನಿ ತೋರ್ಸವ್ವ," ಅಂದಳು ಬುಟ್ಟಿ ಹೊತ್ತ ಒಬ್ಬ ಹೆಂಗಸು. ತಲೆಗೆ ರುಮಾಲು ಸುತ್ತಿದ ಮುದುಕ ಒಬ್ಬ ಎಲ್ಲರನ್ನೂ ಸರಿಸಿ ಮುಂದೆ ಬಂದ. "ಸರೀರಿ, ಕುರಿ ಲೆಕ್ಕ ನನಗ ಬಿಡ್ರಿ. ಹುಟ್ಟಿದಾಗಿಂದ ಅದೇ ಮಾಡಾಕತ್ತೀನಿ." ಮೇಜಿನ ಮೇಲಿನ ಗೆರೆಗಳನ್ನು ಬಗ್ಗಿ ನೋಡಿದ. "ಈ ಹುಲಿ ಇಲ್ಲಿಗಿ ಹೆಂಗ ಬಂತು? ಮೋಟಾರ್ ಹತ್ತಿ ಬಂತೇನು?" ಎಂದು ಅಪ್ಪನನ್ನು ಕೇಳಿದ. ಅದೂ ಹಾರ್ನಿನಲ್ಲಿ ಹೋಯಿತು. ಸ್ಟ್ಯಾಂಡೆಲ್ಲ ನಕ್ಕಿತು.

ಆಗ ಸಾಹೇಬರು ಬಾಗಿಲು ದೂಡಿ ಒಳಗೆ ಬಂದರು. ಸಿಟ್ಟಿನಲ್ಲಿ ಅವರಿಗೆ ಮೈಕು ಮರೆತುಹೋಗಿತ್ತು.

"ಇದೇನ್ ಬಸ್ ಸ್ಟ್ಯಾಂಡೋ, ಜಾತ್ರಿಯೋ? ಕೂಸಿನ ದನಿ ಬಂದ್ರ ಏನಾಗ್ತದಂತ ಹೇಳಿದ್ನೋ ಇಲ್ಲೋ?"

ಅವರ ದನಿ ಅವರಿಗಿಂತ ಜೋರಾಗಿ ಹೊರಗಿನಿಂದ ತಿರುಗಿ ಬಂತು. ಕಿಟಕಿಯ ಹೆಂಗಸು ಬುಟ್ಟಿ ಇಳಿಸಿದಳು. "ಕೂಸಿಗ್ಯಾಕ ಬೈತೀರಿ ಯಪ್ಪಾ? ಕುರಿ ಕದ್ದದ್ದು ಕೂಸೇನು?"

ಸಾಹೇಬರು ದನಿ ಇಳಿಸಿ, "ನೀ ಸುಮ್ಕಿರವ್ವ," ಅಂದರು. ಹಾರ್ನು ಕೂಡ ದನಿ ಇಳಿಸಿ ಅದನ್ನೇ ಹೇಳಿತು. ಅವರು ಪಿಸುಗುಟ್ಟಿದರು. ಮರ ಪಿಸುಗುಟ್ಟಿತು. ಕಡೆಗೆ ಸಾಹೇಬರು ತುಟಿ ಬಿಗಿದು, ಅಪ್ಪನ ಮೂಗಿನ ಮುಂದೆ ಎರಡು ಬೆರಳು ಎತ್ತಿ ಅಲ್ಲಾಡಿಸಿದರು. ಎರಡು ತಪ್ಪು, ಕೂಸಿನದೊಂದು, ನಿನ್ನದೊಂದು, ಅಂತ ಇದ್ದಿರಬೇಕು. ಸ್ವಲ್ಪ ಹೊತ್ತಿಗೆ ಕಾಕಾ ಎರಡು ಚಹಾ ತಂದು ಇಟ್ಟು ಹೋದ.

ಸಾಹೇಬರು ಚಹಾ ನೋಡಿದರು, ಅಪ್ಪನನ್ನು ನೋಡಿದರು, ನನ್ನತ್ತ ಬೆರಳು ಮಾಡಿ ಬಾಗಿಲು ತೋರಿಸಿದರು. ಅದನ್ನು ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ. ನಾನು ಬೆಂಚಿನಿಂದ ಇಳಿದು ಪಾಟಿಚೀಲ ತೊಗೊಂಡೆ. ಅಳುವಾದರೂ ಹಾರ್ನಿನಲ್ಲಿ ಬರಬಾರದು ಎಂದು ಚೀಲದ ಪಟ್ಟಿ ಕಚ್ಚಿಕೊಂಡಿದ್ದೆ.

ಅಪ್ಪ ಮೈಕನ್ನು ಹತ್ತಿರ ಎಳೆದುಕೊಂಡು ಗಂಟಲು ಸರಿ ಮಾಡಿದ.

"ಪ್ರಯಾಣಿಕರ ಗಮನಕ್ಕೆ. ಕೆಂಭಾವಿ ಕಡೆಯಿಂದ ಆಗಮಿಸಿದ ವಾಹನವು ಬೇಗನೆ ಹೊರಡಲಿದೆ. ಹಾಗೆಯೇ, ಹುಲಿ ಆಟದಲ್ಲಿ ಹುಲಿಯ ಕಡೆಯಿಂದ ಮೋಸ ನಡೆದಿರುವುದು ನಿಜವಿರುತ್ತದೆ. ಕುರಿಯು ನನ್ನ ಕಿಸೆಯಲ್ಲಿ ದೊರೆತಿರುತ್ತದೆ. ಸದರಿ ಮಗುವು ನ್ಯಾಯ ಕೇಳಿರುತ್ತದೆ, ಅದರದು ತಪ್ಪು ಇರುವುದಿಲ್ಲ. ತೊಂದರೆಗಾಗಿ ವಿಷಾದಿಸುತ್ತೇವೆ."

ಹೇಳಿ, ಕಿಸೆಯಿಂದ ಹುಣಸೆ ಬೀಜ ತೆಗೆದು ಮೇಜಿನ ಮೂಲೆಯಲ್ಲಿ ಇಟ್ಟ. ಕಟ್ಟೆಯ ಮೇಲಿನ ಮುದುಕಿಯರು ತಲೆ ಆಡಿಸಿದರು. ಮೈಕಿನಲ್ಲಿ ಹೇಳಿದ ಮೇಲೆ ಮುಗಿಯಿತು, ಅದು ನಿಜ.

ಸಾಹೇಬರು ನಗು ತಡೆಯಲು ಮೀಸೆ ಕಚ್ಚಿಕೊಂಡದ್ದನ್ನು ನಾನು ನೋಡಿದೆ. ಅವರು ಚಹಾ ಎತ್ತಿಕೊಂಡು ಅಪ್ಪನನ್ನು ಮರದ ಕೆಳಗೆ ಕರೆದರು. ನಾನೂ ಹಿಂದೆ ಹೋದೆ. ಮೈಕಿನಿಂದ ದೂರ ಬಂದ ಮೇಲೆ ಹೇಳಿದರು: "ಈ ಸ್ವಿಚ್ಚಿನ ಗಂಟು ಮೊದ್ಲ ಬಿಚ್ಚಬೇಕು. ಹೊಸಾ ಮೈಕ್ ಕಳಸ್ತೀನಿ. ಕೂಸು ಇರ್ಲಿ. ಆದ್ರ ಇನ್ನೊಂದ್ಸಲ ಕೇಳಿಸ್ತಂದ್ರ ನೀ ಏನು ಅನೌನ್ಸ್ ಮಾಡಿದ್ರೂ ನಾ ಕೇಳಂಗಿಲ್ಲ."

"ಹೂಂ ರೀ," ಅಂದ ಅಪ್ಪ.

ಹೊಸ ಮೈಕು ಬಂತು. ಚಂದದ್ದು. ಕೆಳಗೊಂದು ಗುಂಡಿ, ಒತ್ತಿ ಹಿಡಿದರೆ ಚಾಲೂ, ಬಿಟ್ಟರೆ ಬಂದ್. ಕಾರಣ ಹೋದ ಮೇಲೆ ಪರಿಣಾಮವೂ ಹೋಗಬೇಕಲ್ಲವೇ? ನಾನು ಮಾತಾಡಿದೆ. ಕೋಣೆಗೆ ಕಾಲಿಟ್ಟ ಗಳಿಗೆಯಿಂದ ಅವ್ವ ಕರೆಯಲು ಬರುವ ತನಕ. ಶಾಲೆಯ ಸಂಗತಿ, ಟೀಚರು ಹೇಳಿದ್ದರಲ್ಲಿ ತಪ್ಪೇನು, ಚಂದ್ರನ ಮೇಲೆ ಬಸ್ಸು ಯಾಕೆ ಹೋಗುವುದಿಲ್ಲ, ಹೋದರೆ ತಿಕೀಟು ಎಷ್ಟು. ಆಟದಲ್ಲಿ ಹುಲಿ ಅಲುಗಿದರೆ ಸಾಕು, ಎಲ್ಲಿಗಿ, ಯಾಕ, ಎಷ್ಟು ಮನಿ ಎಂದು ಕೇಳುತ್ತಿದ್ದೆ. ಅಪ್ಪ ನ್ಯಾಯವಾಗಿ ಆಡಿ ದಿನಾ ಸೋತ. ಸೋಲುತ್ತ ಹೂಂ ಅಂದ. ಹೂಂ ಅನ್ನುತ್ತ ರಸ್ತೆ ನೋಡಿದ. ಆಮೇಲೆ ಟೈರು ನೋಡಿ ಬರುತ್ತೇನೆ ಎಂದು ಎದ್ದು ಹೋಗತೊಡಗಿದ. ಕಂಟ್ರೋಲರಿಗೂ ಟೈರಿಗೂ ಸಂಬಂಧ ಇಲ್ಲ. ಯಾವ ಬಸ್ಸು ಬಂದರೂ ಅವನು ಹೊರಗೆ ಹೋಗಿ, ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದನ್ನೇ ನೋಡುತ್ತಿದ್ದ. ಟೈರು ಮಾತಾಡುವುದಿಲ್ಲ. ನಾನು ಒಳಗೆ ಒಬ್ಬಳೇ ಕೂತು ಇಬ್ಬರ ಪರವಾಗಿಯೂ ಆಡುತ್ತಿದ್ದೆ. ಗೆದ್ದರೂ ಬೇಜಾರು.

ಒಂದು ಸೋಮವಾರ ನಾನು ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ತುಟಿಯ ಮೇಲೆ ಬೆರಳು ಇಟ್ಟು ಒಳಗೆ ಕರೆದ. ಮೈಕು ತೋರಿಸಿದ. ಗುಂಡಿ ಒಳಗೆ ಹೋಗಿ ಕೂತಿತ್ತು. ಹೊರಗೆ ಮರ ಗುಂಯ್ ಅನ್ನುತ್ತಿತ್ತು. ಅಪ್ಪ ಹಣೆ ಹಿಚುಕಿ, ಎರಡೂ ಕೈ ತಿರುವಿ, ಹೆಂಗ ಕೆಟ್ಟಿತೋ ಏನೋ ಎಂಬ ಮುಖ ಮಾಡಿದ. ಬೇರೆ ಯಾರಾದರೂ ಆಗಿದ್ದರೆ ನಂಬುತ್ತಿದ್ದರು.

ನಾನು ಬೆಂಚಿನ ಮೇಲೆ ಕೂತು ಗುಂಡಿಯನ್ನು ಹತ್ತಿರದಿಂದ ನೋಡಿದೆ. ಗೋಡೆಯ ಬಿರುಕಿನಿಂದ ಕೆಂಪು ಇರುವೆಗಳ ಸಾಲು ಹೊರಟಿತ್ತು. ಮೇಜಿನ ಕಾಲು ಹತ್ತಿ, ಹುಲಿ ಆಟದ ಗೆರೆಗಳನ್ನು ದಾಟಿ, ಮೈಕಿನ ಬುಡಕ್ಕೆ ಬಂದು, ಗುಂಡಿಯ ಸಂದಿನಲ್ಲಿ ಇಳಿಯುತ್ತಿತ್ತು. ಸಂದಿನಲ್ಲಿ ಕಂದು ಬಣ್ಣದ್ದೇನೋ ಗಟ್ಟಿಯಾಗಿ ಒತ್ತಿ ತುಂಬಿತ್ತು. ಮೂಗು ಹತ್ತಿರ ತಂದು ಮೂಸಿದೆ. ಬೆಲ್ಲ.

ಸರ್ಕಾರಿ ಮೈಕಿಗೆ ತಾನಾಗಿ ಬೆಲ್ಲ ಹತ್ತುವುದಿಲ್ಲ. ರಿಪೇರಿಯವನು ಬೆಲ್ಲ ತರುವುದಿಲ್ಲ. ಕೋಣೆಯ ಕೀಲಿ ಒಬ್ಬನ ಹತ್ತಿರ ಮಾತ್ರ ಇತ್ತು, ಅವನ ಹೆಬ್ಬೆರಳಿನ ಉಗುರಿನಲ್ಲಿ ಕಂದು ಬಣ್ಣದ ಗೆರೆ ಇತ್ತು. ಅದಕ್ಕಿಂತ ಗಟ್ಟಿಯಾದ ಪುರಾವೆ ಆಮೇಲೆ ಯಾವ ವಾದದಲ್ಲೂ ನನ್ನ ಕೈಗೆ ಸಿಕ್ಕಿಲ್ಲ. ಬಾಯಿ ತೆರೆದೆ.

ಅಪ್ಪ ನನ್ನನ್ನೇ ನೋಡುತ್ತಿದ್ದ. ರಸ್ತೆಯನ್ನಲ್ಲ, ಟೈರನ್ನಲ್ಲ. ನಾನು ಏನು ಹೇಳುತ್ತೇನೋ ಎಂದು ಹುಬ್ಬು ನೋಡುತ್ತಿದ್ದ, ತುಟಿ ನೋಡುತ್ತಿದ್ದ, ಬೆರಳು ನೋಡುತ್ತಿದ್ದ. ಹೊರಗೆ ಮರದ ಕೊಂಬೆಯಲ್ಲಿ ಹಾರ್ನು ನನ್ನ ಮಾತಿಗೆ ಕಾಯುತ್ತಿತ್ತು.

ನಾನು ಬಾಯಿ ಮುಚ್ಚಿದೆ. ಇರುವೆಗಳಿಗೆ ದಾರಿ ಬಿಟ್ಟು ನನ್ನ ಕುರಿ ನಡೆಸಿದೆ.